ಎತ್ತರದ ಸೀಟಿಗಾಗಿ

ದೇವರು ಮನುಷ್ಯರನ್ನು ಅಳತೆ ನೋಡಿಯೇ ಮಾಡುತ್ತಾನೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನನ್ನ ಪಾಳಿ ಬಂದಾಗ ಯಾರೋ ಅವನನ್ನು ಚಹಾಕ್ಕೆ ಕರೆದಿರಬೇಕು. ಲೆಕ್ಕ ತಪ್ಪಿ ಕಾಲಿಗೇ ಅರ್ಧಕ್ಕಿಂತ ಹೆಚ್ಚು ಮಣ್ಣು ಹಾಕಿಬಿಟ್ಟು, ಉಳಿದದ್ದರಲ್ಲಿ ಹೇಗೋ ಮೇಲಿನ ಭಾಗ ಹೊಂದಿಸಿ ಕಳಿಸಿದ್ದಾನೆ. ನಿಂತರೆ ನಾನು ಬಾಗಿಲಿಗೆ ಹಣೆ ಬಡಿಸಿಕೊಳ್ಳುವ ಆಳು. ಕುಳಿತರೆ ಪಕ್ಕದವರು ಮಗುವಿಗೆ ಜಾಗ ಮಾಡಿಕೊಟ್ಟ ಹಾಗೆ ಸರಿಯುತ್ತಾರೆ. ಪ್ಯಾಂಟಿನ ಬಟ್ಟೆ ಯಾವಾಗಲೂ ಸಾಲದು, ಅಂಗಿಯ ಬಟ್ಟೆ ಯಾವಾಗಲೂ ಮಿಕ್ಕುತ್ತದೆ. ಶಾಲೆಯಲ್ಲಿ ಕಲಿಯುವಾಗ ನನ್ನ ಹೆಸರು ಕೊಕ್ಕರೆ. ಹಾನಗಲ್ಲಿನ ಶಾಲೆಗೆ ಮಾಸ್ತರನಾಗಿ ಬಂದ ಮೇಲೂ ಆ ಹೆಸರು ನನಗಿಂತ ಮೊದಲೇ ಬಂದು ತರಗತಿಯಲ್ಲಿ ಕುಳಿತಿತ್ತು. ಹುಡುಗರು ಗೌರವಕ್ಕೆ ಕೊನೆಯಲ್ಲೊಂದು 'ಸರ್' ಸೇರಿಸುತ್ತಿದ್ದರು, ಅಷ್ಟೇ.

ಈ ಅಳತೆಯ ದೆಸೆಯಿಂದ ನನ್ನ ಮದುವೆಯೇ ತಪ್ಪುವುದರಲ್ಲಿತ್ತು. ರಟ್ಟೀಹಳ್ಳಿಗೆ ಹೆಣ್ಣು ನೋಡಲು ಹೋದಾಗ ಪಡಸಾಲೆಯಲ್ಲಿ ಜಮಖಾನ ಹಾಸಿ ನಮ್ಮನ್ನು ಕೂರಿಸಿದರು. ಅವಲಕ್ಕಿ ಬಂತು, ಚಹಾ ಬಂತು, ಹುಡುಗಿಯೂ ಬಂದು ಹೋದಳು. ಅಷ್ಟರಲ್ಲಿ ಒಳಗೆ ಅಡುಗೆಮನೆಯಲ್ಲಿ "ಹುಡುಗ ಭಾಳ ಗಿಡ್ಡ ಅದಾನ, ನಮ್ಮ ಗಿರಿಜಾನ ಜೋಡಿ ಹೊಂದೂದಿಲ್ಲ" ಎಂದು ತೀರ್ಮಾನವೇ ಆಗಿಹೋಗಿತ್ತಂತೆ. ನಾನು ಕೈ ತೊಳೆಯಲೆಂದು ಎದ್ದೆ. ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದ ಹುಡುಗಿಯ ಅಜ್ಜಿ "ಯವ್ವಾ, ಇನ್ನೂ ಏಳಾಕತ್ತಾನ ಇಂವ! ಮುಗಿವಲ್ದು!" ಎಂದು ಕೂಗಿಕೊಂಡರು. ಆ ಕೂಗಿನಿಂದಲೇ ನಮ್ಮ ಸಂಬಂಧ ಗಟ್ಟಿಯಾಯಿತು. ಗಿರಿಜಾ ಇವತ್ತಿಗೂ ಸಿಟ್ಟು ಬಂದಾಗ "ಅವತ್ತು ನೀವು ಕುಂತಲ್ಲೇ ಕುಂತಿದ್ರ ನಾ ಪಾರಾಗ್ತಿದ್ನಿ" ಎನ್ನುತ್ತಾಳೆ.

ಈ ಕಾಲುಗಳು ನನಗೆ ಬಂದದ್ದು ಅಪ್ಪನಿಂದ. ಅಪ್ಪ ಸವಣೂರಿನಲ್ಲಿ ವೀಳ್ಯದೆಲೆಯ ವ್ಯಾಪಾರ ಮಾಡುತ್ತಿದ್ದ. ಬೆಳಿಗ್ಗೆ ತೋಟದಿಂದ ಎಲೆ ತಂದು, ಒದ್ದೆ ಗೋಣಿಯಲ್ಲಿ ಸುತ್ತಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಶಿಗ್ಗಾಂವಿ ಸಂತೆಗೆ ಹೊರಟರೆ ರಸ್ತೆಯಲ್ಲಿ ದೂರದಿಂದಲೇ ಗುರುತು ಸಿಗುತ್ತಿತ್ತು. ಆ ಸೈಕಲ್ಲಿನ ಸೀಟು ಅಷ್ಟು ಎತ್ತರ. ಹ್ಯಾಂಡಲ್ಲು ಎಲ್ಲೋ ಕೆಳಗೆ, ಸೀಟು ಎಲ್ಲೋ ಮೇಲೆ. ಅದರ ಮೇಲೆ ಅಪ್ಪ ಕುಳಿತರೆ ಕಾಲು ಪೂರ್ತಿ ಚಾಚಿ, ಒಂದು ತುಳಿತಕ್ಕೆ ಅರ್ಧ ಹರದಾರಿ ದಾಟುವನೇನೋ ಎನ್ನುವ ಹಾಗೆ ಸಾವಕಾಶ ತುಳಿಯುತ್ತಿದ್ದ. ನಾವು ಹುಡುಗರು ಆ ಸೀಟು ಏರುವ ಮಾತೇ ಇರಲಿಲ್ಲ. ಒಳಪೆಡಲಿನಲ್ಲಿ ಕಾಲು ತೂರಿಸಿ, ಸೀಟನ್ನು ಕಂಕುಳಲ್ಲಿ ಹಿಡಿದು, ಜೋತುಬಿದ್ದುಕೊಂಡೇ ಊರೆಲ್ಲ ತಿರುಗಿದೆವು. ಅಷ್ಟು ಉದ್ದದ ಸೀಟಿನ ಪೈಪು ಅಪ್ಪನಿಗೆ ಎಲ್ಲಿ ಸಿಕ್ಕಿತ್ತು ಎಂದು ನಾನು ಒಂದು ದಿನವೂ ಕೇಳಲಿಲ್ಲ. ಅಪ್ಪನ ಸೈಕಲ್ಲಿನ ಸೀಟು ಎತ್ತರವಿರುವುದು ಬೇವಿನಮರ ಕಹಿಯಿರುವ ಹಾಗೆ, ಅದರಲ್ಲಿ ಕೇಳುವುದೇನಿದೆ ಎಂದುಕೊಂಡಿದ್ದೆ. ಅಪ್ಪಂದಿರನ್ನು ಕೇಳಬೇಕಾದ ಪ್ರಶ್ನೆಗಳೆಲ್ಲ ಅವರು ಹೋದ ಮೇಲೆಯೇ ನೆನಪಾಗುತ್ತವೆ. ನನಗಂತೂ ಹಾಗೆಯೇ ಆಯಿತು.

ಅಪ್ಪನ ನಂತರ ಆ ಸೈಕಲ್ಲನ್ನು ನಾನು ಹಾನಗಲ್ಲಿಗೆ ತಂದು ನೌಕರಿಯುದ್ದಕ್ಕೂ ಓಡಿಸಿದೆ. ಬೆಸುಗೆ ಹಾಕಿದ ಕಡೆಯೇ ಮತ್ತೆ ಮತ್ತೆ ಮುರಿದು, ಕೊನೆಗೆ ಬೆಸುಗೆಯೇ ಹೆಚ್ಚು, ಸೈಕಲ್ಲೇ ಕಡಿಮೆ ಎನ್ನುವ ಸ್ಥಿತಿಗೆ ಬಂದು ಅದು ಮೂಲೆ ಸೇರಿತು. ಕಳೆದ ವರ್ಷ ನಾನು ನಿವೃತ್ತನಾದಾಗ ಸಹೋದ್ಯೋಗಿಗಳೆಲ್ಲ ಸೇರಿ ಶಾಲು, ಹಾರದ ಜೊತೆಗೆ ಒಂದು ಹೊಸ ಸೈಕಲ್ಲನ್ನೇ ತಂದು ವೇದಿಕೆಯ ಮೇಲೆ ನಿಲ್ಲಿಸಿದರು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ದಪ್ಪ ಗಾಲಿ, ಗೇರು, ನೀಲಿ ಬಣ್ಣ, ನೋಡಲು ಬಹಳ ಚೆಂದ. ಮನೆಗೆ ತಂದು ಏರಿ ಕುಳಿತೆ. ತುಳಿದರೆ ಎರಡೂ ಮೊಣಕಾಲು ಒಂದಾದ ಮೇಲೊಂದರಂತೆ ಎದ್ದು ಬಂದು ಗದ್ದಕ್ಕೆ ತಾಗುವಷ್ಟು ಹತ್ತಿರವಾದವು. ಗಿರಿಜಾ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತ ಕುಳಿತಿದ್ದಳು. "ಮಿಡತಿ ಕುಂತಂಗ ಕಾಣ್ತೀರಿ" ಎಂದಳು. ಸೀಟನ್ನು ಎತ್ತರಿಸೋಣವೆಂದರೆ ಅದರ ಪೈಪು ಗೇಣುದ್ದವೂ ಇಲ್ಲ. ಬದಲಾಯಿಸೋಣವೆಂದರೆ ಪ್ರೀತಿಯಿಂದ ಕೊಟ್ಟದ್ದು. ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು, ಕಾಲನ್ನೂ ಎಣಿಸಬಾರದು ಎಂದು ಸುಮ್ಮನೆ ಓಡಿಸತೊಡಗಿದೆ.

ಮಳೆಗಾಲ ಕಳೆಯುವಷ್ಟರಲ್ಲಿ ಮೊಣಕಾಲು ಮಾತಾಡಲು ಶುರುಮಾಡಿದವು. ಕೂತರೆ ಕಟಕ್, ಎದ್ದರೆ ಕಟಕ್. ಡಾಕ್ಟರರು ಎರಡೂ ಕಾಲು ಮಡಚಿ ಬಿಡಿಸಿ ನೋಡಿ, ನಾನು ಸೈಕಲ್ಲಿನ ಮೇಲೆ ಹೇಗೆ ಕೂರುತ್ತೇನೆಂದು ಕುರ್ಚಿಯಲ್ಲಿ ಅಭಿನಯಿಸಿ ತೋರಿಸಲು ಹೇಳಿದರು. ನೋಡಿದವರೇ "ಹಿಂಗ ಮಡಚಿಕೊಂಡು ತುಳಿದ್ರ ಮೊಣಕಾಲು ಎಷ್ಟು ದಿನ ಬರ್ತಾವ್ರಿ ಮಾಸ್ತರ್ರ? ಸೀಟ ಎತ್ತರ ಮಾಡಿಸ್ರಿ, ಇಲ್ಲಾ ಸೈಕಲ್ ಬಿಡ್ರಿ" ಎಂದುಬಿಟ್ಟರು. ಮನೆಗೆ ಬರುವ ದಾರಿಯಲ್ಲಿ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅಪ್ಪನಿಗೆ ಕೊನೆಕೊನೆಗೆ ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಮನೆಮಂದಿಯೆಲ್ಲ ಸಾಲಾಗಿ ನೆಲಕ್ಕೆ ಕುಳಿತು ಉಣ್ಣುವಾಗ ಅವನೊಬ್ಬನೇ ಗೋಡೆಯ ಹತ್ತಿರ ಕುರ್ಚಿಯಲ್ಲಿ ಕುಳಿತು, ತಾಟು ತೊಡೆಯ ಮೇಲಿಟ್ಟುಕೊಂಡು, ನಮ್ಮ ನೆತ್ತಿಗಳನ್ನು ನೋಡುತ್ತ ಉಣ್ಣುತ್ತಿದ್ದ. ಸೈಕಲ್ಲು ಬಿಟ್ಟ ಮೇಲೆ ಅಪ್ಪ ಬಹಳ ದಿನ ಅಪ್ಪನಾಗಿ ಉಳಿಯಲಿಲ್ಲ. ನನಗೂ ಹಾಗಾಗುವುದು ಬೇಡವಾಗಿತ್ತು. ಗಿರಿಜಾ ಮಾತ್ರ ಸಿದ್ಧವಾಗಿದ್ದಳು. "ದಸರಾದ ತನಕ ನೋಡ್ತೇನಿ. ಅಷ್ಟರಾಗ ಸೀಟ ಎತ್ತರ ಆಗಲಿಲ್ಲಂದ್ರ ಸೈಕಲ್ ನನ್ನ ತಮ್ಮನ ಮಗಗ ಕೊಟ್ಟುಬಿಡೂದು" ಎಂದು ಕಡ್ಡಿ ಮುರಿದಂತೆ ಹೇಳಿದಳು.

ಮೊದಲು ಅಪ್ಪನ ಹಳೆಯ ಪೈಪನ್ನೇ ತೆಗೆದು ಹೊಸದಕ್ಕೆ ಹಾಕಿ ನೋಡಿದೆ. ಅದು ಸಣಕಲು, ಹಗ್ಗ ಹರಿದ ಕೊಡ ಬಾವಿಗೆ ಇಳಿದ ಹಾಗೆ ಒಳಗೆ ಇಳಿದುಹೋಯಿತು. ಕೋಲು ತೂರಿಸಿ ಹೊರಗೆ ತೆಗೆಯುವುದಕ್ಕೆ ಒಂದು ಸಂಜೆ ಹಿಡಿಯಿತು. ಆಮೇಲೆ ಇದ್ದ ಪೈಪನ್ನೇ ಎಷ್ಟು ಬರುತ್ತದೋ ಅಷ್ಟು ಮೇಲೆಳೆದು ಬಿಗಿದು, ಆನಿಕೆರೆಯ ಏರಿಯ ಮೇಲೆ ಹೊರಟೆ. ಮೊಣಕಾಲಿಗೆ ಹಾಯೆನಿಸಿ ಒಂದು ಹಳೆಯ ಹಾಡು ಬಾಯಿಗೆ ಬಂತು. ಅಷ್ಟರಲ್ಲಿ ಒಂದು ತಗ್ಗು ಬಂತು. ಸೀಟು ಪೈಪಿನ ಸಮೇತ ಕಿತ್ತುಕೊಂಡು ಬಂದು, ನಾನು ಹಿಂದಕ್ಕೆ ಮಗುಚಿ, ಆಕಾಶ ನೋಡುತ್ತ ಮಲಗಿದೆ. ಕೆರೆಯಲ್ಲಿ ಎಮ್ಮೆ ತೊಳೆಯುತ್ತಿದ್ದವನು ಓಡಿ ಬಂದು "ಏನಾತ್ರಿ ಮಾಸ್ತರ್ರ?" ಎಂದ. "ಏನಿಲ್ಲಪಾ, ಸೀಟ ಹೋತು" ಎಂದೆ. ಊರಿನಲ್ಲಿ ಮುಂದೆ ನಡೆದದ್ದಕ್ಕೆಲ್ಲ ಆ ಮಾತೇ ಮೊದಲ ಬೀಜವಾಗಿರಬಹುದೆಂದು ಈಗ ಅನ್ನಿಸುತ್ತದೆ.

ಊರಿನ ಸೈಕಲ್ ಅಂಗಡಿಯಲ್ಲಿ ಉದ್ದದ ಪೈಪು ಸಿಗಲಿಲ್ಲ. ಈಗಿನವರೆಲ್ಲ ಸಿದ್ಧ ಸೈಕಲ್ಲು ತಂದು ಮಾರುತ್ತಾರೆ, ಬಿಡಿ ಸಾಮಾನು ಇಡುವವರು ಕಡಿಮೆ. ನಾನು ಮೊಬೈಲಿನಲ್ಲಿ ಹುಡುಕಿದಾಗ ಅದಕ್ಕೆ 'ಸೀಟ್ ಪೋಸ್ಟ್' ಎನ್ನುತ್ತಾರೆಂದು ತಿಳಿಯಿತು. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವನು, ಸೀಟಿನ ಪೈಪು ಎಂದರೆ ಮುಗಿಯುತ್ತಿತ್ತು. ಆದರೆ ಹೊಸದಾಗಿ ಕಲಿತ ಶಬ್ದ ಹೊಸ ಚಪ್ಪಲಿಯ ಹಾಗೆ, ಮೆಟ್ಟಿಕೊಂಡು ನಾಲ್ಕು ಮಂದಿಯ ಮುಂದೆ ಓಡಾಡದಿದ್ದರೆ ಸಮಾಧಾನವಿಲ್ಲ. ತಡಸದಲ್ಲಿರುವ ನನ್ನ ಹಳೆಯ ಸಹೋದ್ಯೋಗಿ ಫಕ್ಕೀರಪ್ಪನಿಗೆ ಫೋನು ಮಾಡಿದೆ. ಫಕ್ಕೀರಪ್ಪನಿಗೆ ಕಿವಿ ಸ್ವಲ್ಪ ಮಂದ. ಅದನ್ನು ಒಪ್ಪಿಕೊಳ್ಳದೆ, ಅರ್ಧ ಕೇಳಿಸಿಕೊಂಡು ಇನ್ನರ್ಧವನ್ನು ತಾನೇ ತುಂಬಿಸಿಕೊಳ್ಳುತ್ತಾನೆ.

"ಫಕ್ಕೀರಪ್ಪ, ನನಗೊಂದು ಸೀಟ್ ಪೋಸ್ಟ್ ಬೇಕಾಗೇತಿ. ಶಿಗ್ಗಾಂವಿಗೆ ಹೋದಾಗ ಅಲ್ಲಿ ಯಾರನ್ನಾರ ಕೇಳಿ ನೋಡಪಾ" ಎಂದೆ.

"ಸೀಟಾ?" ಎಂದ ಫಕ್ಕೀರಪ್ಪ. "ಈ ವಯಸ್ಸಿನ್ಯಾಗ ಯಾಕ ಬೇಕೋ ನಿನಗ ಅದೆಲ್ಲಾ?"

"ಈ ವಯಸ್ಸಿನ್ಯಾಗ ಬೇಕಾಗೇತಿ. ಇಷ್ಟು ದಿನ ತಗ್ಗಿನ್ಯಾಗ ಕುಂತು ಸಾಕಾಗೇತಿ. ಸ್ವಲ್ಪ ಎತ್ತರದ್ದ ಬೇಕು. ಗಟ್ಟಿ ಇರಬೇಕು ನೋಡು, ಕುಂತ ಮ್ಯಾಲೆ ಅಳ್ಳಾಡಬಾರದು, ನಡುವ ಇಳೀಬಾರದು."

"ಅಂಥಾದ್ದು ಯಾರಿಗೆ ಬ್ಯಾಡೋ ಮಾರಾಯಾ! ಖರ್ಚು ಬರ್ತೈತಿ ಮತ್ತ."

"ಬರಲಿ ಬಿಡು, ಪೆನ್ಶನ್ ಐತೆಲ್ಲಾ" ಎಂದೆ. ಅವನು ದೊಡ್ಡ ಉಸಿರುಬಿಟ್ಟು, "ನೀ ಇಂಥಾ ಗಟ್ಟಿಗ ಅಂತ ನನಗ ಗೊತ್ತಿರಲಿಲ್ಲ. ನಾ ನಾಲ್ಕ ಮಂದಿಗೆ ಹೇಳ್ತೇನಿ" ಎಂದು ಫೋನು ಇಟ್ಟ. ಒಂದು ಪೈಪಿಗೆ ಇಷ್ಟು ಕಳಕಳಿ ತೋರಿಸುವ ಗೆಳೆಯನಿದ್ದಾನಲ್ಲ ಎಂದು ನನಗೆ ಹೆಮ್ಮೆಯಾಯಿತು. ನಮ್ಮೂರಿನ ಸೊಸೈಟಿಯ ಚುನಾವಣೆ ಹತ್ತಿರ ಬಂದದ್ದು ನನ್ನ ತಲೆಯಲ್ಲೇ ಇರಲಿಲ್ಲ. ನಮ್ಮ ಕಡೆ ಈಗ ಸೀಟು ಎಂದರೆ ಕೂರುವುದಕ್ಕಲ್ಲ, ನಿಲ್ಲುವುದಕ್ಕೆ ಎಂಬುದೂ ನನಗೆ ಹೊಳೆಯಲಿಲ್ಲ.

ಫಕ್ಕೀರಪ್ಪ ನಾಲ್ಕು ಮಂದಿಗೆ ಹೇಳಿದ, ಆ ನಾಲ್ವರು ಸುಮ್ಮನಿರಲಿಲ್ಲ. ಇತ್ತ ನಾನು ಪೈಪು ಹುಡುಕಿಕೊಂಡು ಬಸ್ಸು ಹತ್ತಿದೆ. ಹಿರೇಕೆರೂರಿನಲ್ಲಿ ಗಿರಿಜಾಳ ತಮ್ಮ ಚಿಕ್ಕೇರೂರಿನಿಂದ ಬಂದು ಜೊತೆಯಾದ. ಅಲ್ಲಿ ಸಿಕ್ಕ ಪೈಪು ಉದ್ದವಿತ್ತು, ಆದರೆ ನನ್ನ ಸೈಕಲ್ಲಿಗೆ ತೂರದಷ್ಟು ದಪ್ಪ. ಹಲ್ಲಿದ್ದರೆ ಕಡಲೆ ಇಲ್ಲ, ಕಡಲೆ ಇದ್ದರೆ ಹಲ್ಲಿಲ್ಲ. ಬಸ್ಸು ಹತ್ತಿಸುವಾಗ ಆತ ನನ್ನ ಕೈ ಗಟ್ಟಿಯಾಗಿ ಹಿಡಿದು, "ಮಾಮಾರ, ಹೆದರಬ್ಯಾಡ್ರಿ. ನಮಗ ಹಾನಗಲ್ಲಾಗ ಓಟ ಇಲ್ಲ ಖರೆ, ಆದ್ರ ಹೇಳಿದ ದಿನ ಎರಡ ಟ್ರ್ಯಾಕ್ಟರ್ ಮಂದಿ ತರ್ತೇನಿ" ಎಂದ. ಸೈಕಲ್ ಪೈಪು ಹಾಕುವುದಕ್ಕೆ ಎರಡು ಟ್ರ್ಯಾಕ್ಟರ್ ಮಂದಿ ಯಾತಕ್ಕೆಂದು ತಿಳಿಯದೆ "ಯಾಕ ಬಿಡಪಾ, ಇಬ್ಬರಿದ್ರ ಸಾಕು" ಎಂದೆ. ನನ್ನ ಸರಳತೆಗೆ ಅವನ ಕಣ್ಣು ಒದ್ದೆಯಾದವು.

ಅಲ್ಲಿಂದ ಎರಡು ದಿನ ಬಿಟ್ಟು ಸವಣೂರಿಗೆ ಹೋದೆ. ಪೈಪಿನ ನೆಪ, ಅಷ್ಟೇ. ಊರು ನೋಡಿ ಬಹಳ ವರ್ಷವಾಗಿತ್ತು. ಬಸ್ಸಿಳಿದು ನಡೆದರೆ ಕಾಲು ತಾವಾಗಿಯೇ ಹಳೆಯ ದಾರಿ ಹಿಡಿದವು. ಎಲೆಯ ಅಂಗಡಿಗಳ ಸಾಲಿನಲ್ಲಿ ಒದ್ದೆ ಗೋಣಿಯ ಮತ್ತು ಹಸಿ ಎಲೆಯ ಅದೇ ವಾಸನೆ. ಒಬ್ಬ ಹುಡುಗ ಎಲೆ ಎಣಿಸಿ ಕಟ್ಟುತ್ತಿದ್ದ, ಬೆರಳು ಅಪ್ಪನ ಬೆರಳಿನ ಹಾಗೆಯೇ ಓಡುತ್ತಿದ್ದವು. ಪಕ್ಕಕ್ಕೆ ತಿರುಗಿ ಕಣ್ಣೊರೆಸಿಕೊಂಡೆ. ಅಪ್ಪನನ್ನು ನೆನೆಸಿಕೊಂಡು ಅಳುವ ವಯಸ್ಸು ನನ್ನದಲ್ಲ ಎಂದುಕೊಂಡಿದ್ದೆ, ಆದರೆ ಅಂಥ ವಯಸ್ಸು ಯಾವುದೂ ಇರುವುದಿಲ್ಲವೆಂದು ಕಾಣುತ್ತದೆ. ಸೈಕಲ್ ಅಂಗಡಿ ಹಳೆಯ ಜಾಗದಲ್ಲೇ ಇತ್ತು. ಹೊರಗೆ ಬಾಕಿನ ಮೇಲೆ ಕುಳಿತಿದ್ದ ಮುದುಕರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲವೇನೋ, ನನ್ನ ಮುಖ ನೋಡಲೇ ಇಲ್ಲ. ಸೊಂಟದ ಕೆಳಗೆ ನೋಡಿ, "ಎಲಿ ಗುರಪ್ಪನ ಮಗಾ ಅಲ್ರಿ ನೀವು?" ಎಂದರು. ಅವರೇ ಅಂಗಡಿಯ ಬಡೇಸಾಬರು. ಮಗ ಅಂಗಡಿ ನೋಡಿಕೊಳ್ಳುತ್ತಾನೆ, ಅವರು ಬರಿದೆ ಕೂರುತ್ತಾರೆ.

"ಹೌದ್ರೀ ಚಾಚಾ. ಹೆಂಗ್ ಗುರುತು ಹಿಡಿದ್ರಿ?"

"ಆ ಕಾಲ ಇನ್ನೊಬ್ರಿಗೆ ಎಲ್ಲೈತ್ರಿ? ನಿಮ್ಮ ಅಪ್ಪ ಇಲ್ಲೇ ಕುಂದರ್ತಿದ್ದ. ಹವಾ ಹೊಡಿಸಿಕೊಂಡು ರೊಕ್ಕದ ಬದಲಿ ಎಲಿ ಕೊಡ್ತಿದ್ದ. ಕುಂತ್ರ ನನಕಿಂತ ಸಣ್ಣಾಂವ, ಎದ್ರ ಮ್ಯಾಲಿನ ತಟ್ಟಿಗೆ ತಲಿ ಬಡೀತಿತ್ತು" ಎಂದು ಬಾಯ್ತುಂಬ ನಕ್ಕರು. ಅಪ್ಪನ ಆ ಉದ್ದದ ಪೈಪು ಎಲ್ಲಿಯದೆಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ನೆನಪಿಲ್ರಿ ಬೇಟಾ. ಅವಾಗ ಎಲ್ಲಾ ಎಲ್ಲೆರ ಸಿಗ್ತಿತ್ತು" ಎಂದರು. ಅಂಗಡಿಯಲ್ಲಿ ಪೈಪು ಸಿಗಲಿಲ್ಲ, ಆದರೂ ನಾನು ಬಾಕಿನ ಮೇಲೆ ಅವರ ಪಕ್ಕದಲ್ಲಿ ಎರಡು ಚಹಾ ಆಗುವಷ್ಟು ಹೊತ್ತು ಕುಳಿತೆ. ಏಳುವಾಗ ಅವರು ಕೇಳಿದರು: "ನೀವು ಎಲೆಕ್ಷನ್‌ಕ್ಕ ನಿಂತೀರಂತ? ಶಿಗ್ಗಾಂವಿಯಿಂದ ಬಂದವ್ರು ಹೇಳಾಕತ್ತಿದ್ರು. ನಿಮ್ಮ ಅಪ್ಪ ಇದ್ದಿದ್ರ ಖುಷಿ ಪಡ್ತಿದ್ದ."

ಆಗ ನನಗೆ ಎಲ್ಲ ಒಮ್ಮೆಲೇ ಹೊಳೆಯಿತು. ಫಕ್ಕೀರಪ್ಪನ ದೊಡ್ಡ ಉಸಿರು, ಭಾವಮೈದುನನ ಟ್ರ್ಯಾಕ್ಟರು, ಎರಡು ದಿನದಿಂದ ಓಣಿಯಲ್ಲಿ ನನಗೆ ಬರುತ್ತಿದ್ದ ನಮಸ್ಕಾರಗಳು. ಆ ನಮಸ್ಕಾರಗಳನ್ನು ನಾನು ನನ್ನ ಮೂವತ್ತು ವರ್ಷದ ಸೇವೆಯ ಲೆಕ್ಕಕ್ಕೆ ಹಾಕಿಕೊಂಡು ಒಳಗೊಳಗೇ ಹಿಗ್ಗಿದ್ದೆ. ಹಾನಗಲ್ಲಿಗೆ ಬಂದು "ಅದು ಸೈಕಲ್ಲಿನ ಸೀಟ್ರೀ" ಎಂದು ಹೇಳಿದರೆ ಮಂದಿ ಇನ್ನೂ ಮೆಚ್ಚಿದರು. "ಚಿಹ್ನಾನೂ ಆರಿಸಿಬಿಟ್ಟಾರ!" ಎಂದು ಚಹಾದ ಅಂಗಡಿಯಲ್ಲಿ ಮಾತಾಯಿತು. ನಿಜ ಹೇಳಿದಷ್ಟೂ ನಾನು ಹೆಚ್ಚು ಹೆಚ್ಚು ಅಭ್ಯರ್ಥಿಯಾಗುತ್ತ ಹೋದೆ. ದಸರೆಗೆ ಇನ್ನು ಒಂದು ವಾರವಿತ್ತು. ಗಿರಿಜಾ ಸೈಕಲ್ಲನ್ನು ಒರೆಸಿ, ತಮ್ಮನ ಮಗನಿಗೆ ಕಳಿಸಲು ಬಾಗಿಲ ಹತ್ತಿರ ತಂದು ನಿಲ್ಲಿಸಿದ್ದಳು.

ಆ ಸಂಜೆ ಬಸನಗೌಡರು ಮನೆಗೆ ಬಂದರು. ಅಕ್ಕಿ ಗಿರಣಿಯ ಮಾಲೀಕರು, ಎಷ್ಟೋ ವರ್ಷಗಳಿಂದ ಸೊಸೈಟಿಯ ಅಧ್ಯಕ್ಷರು. ಗೌಡರನ್ನು ನೀವು ಕುಳಿತಾಗ ನೋಡಬೇಕು. ಅಗಲ ಎದೆ, ನೀಳ ಬೆನ್ನು, ಕುರ್ಚಿಗೇ ಒಂದು ಕಳೆ ಬರುತ್ತದೆ. ಎದ್ದು ನಿಂತರೆ ಮಾತ್ರ ಎದ್ದಿದ್ದಾರೋ ಇಲ್ಲವೋ ಎಂದು ಎರಡು ಸಲ ನೋಡಬೇಕು. ಕಾಲು ಅಷ್ಟು ಮೋಟು. ನಮ್ಮ ಮನೆಯ ಪಡಸಾಲೆಯಲ್ಲಿ ಎದುರುಬದುರು ಕುಳಿತಾಗ ಅವರು ಆನೆ, ನಾನು ಮಾವುತನ ಮೊಮ್ಮಗ.

"ಮಾಸ್ತರ್ರ, ನಾ ಸುತ್ತಿ ಬಳಸಿ ಮಾತಾಡೂದಿಲ್ಲ" ಎಂದರು. "ನೀವು ಓದಿಸಿದ ಹುಡುಗೂರು ಊರ ತುಂಬ ಅದಾರ. ನೀವು ನಿಂತ್ರ ನನಗ ತ್ರಾಸ ಆಕ್ಕೈತಿ. ಹಿಂದ ಸರೀಲಿಕ್ಕೆ ನಿಮಗ ಏನು ಬೇಕು, ಹೇಳಿಬಿಡ್ರಿ."

ಇಲ್ಲಿ ನಾನು ನಿಮ್ಮೊಂದಿಗೆ ಒಂದು ಮಾತು ಬಿಚ್ಚಿ ಹೇಳಬೇಕು. ನಾನು ನಿಂತೇ ಇಲ್ಲ ಎಂದು ತಕ್ಷಣ ಹೇಳಬೇಕಾಗಿತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ಒಬ್ಬ ದೊಡ್ಡ ಮನುಷ್ಯ ನನಗೆ ಹೆದರಿ ನನ್ನ ಮನೆಗೆ ಬಂದಿದ್ದ. ಆ ಒಂದು ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಹಾರ, ಮೈಕು, ನನ್ನದೇ ಭಾಷಣದ ಮೊದಲ ವಾಕ್ಯ ಎಲ್ಲ ಬಂದುಹೋದವು. ಒಳಗಿನಿಂದ ಗಿರಿಜಾ ಕೆಮ್ಮಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಕೆಮ್ಮಿನ ಅರ್ಥ ನನಗೆ ಚೆನ್ನಾಗಿ ಗೊತ್ತು.

"ಒಂದು ಪೈಪ ಬೇಕ್ರಿ ಗೌಡ್ರ" ಎಂದೆ.

"ಪೈಪಾ? ಎಷ್ಟು ಇಂಚಿಂದ್ರಿ, ಹೊಲಕ್ಕೇನ್ರಿ?"

"ಹೊಲ ಎಲ್ಲೈತ್ರಿ ನನಗ? ಸೈಕಲ್ಲಿಗ್ರಿ" ಎಂದು ಬಾಗಿಲಲ್ಲಿದ್ದ ಸೈಕಲ್ಲು ತೋರಿಸಿ, ಡಾಕ್ಟರರು ಹೇಳಿದ್ದು, ಮೊಣಕಾಲು, ಫಕ್ಕೀರಪ್ಪನ ಕಿವಿ, ಎಲ್ಲ ಹೇಳಿದೆ. ಗೌಡರು ನಗುತ್ತಾರೆಂದು ನಾನು ಕಾದೆ. ಅವರು ನಗಲಿಲ್ಲ. ಎದ್ದು ಹೋಗಿ ಸೈಕಲ್ಲಿನ ಪಕ್ಕ ನಿಂತು, ಸೀಟು ನೋಡಿ, ನನ್ನ ಕಾಲು ನೋಡಿ, ಆಮೇಲೆ ತಮ್ಮ ಕಾಲು ನೋಡಿಕೊಂಡರು.

"ನನ್ನ ಟ್ರ್ಯಾಕ್ಟರಿನ ಪೆಡಲಿಗೆ ಕಟ್ಟಿಗಿ ತುಂಡು ಬಡಿಸೇನಿ, ನೋಡೀರೇನು? ಕಾಲು ಮುಟ್ಟೂದಿಲ್ರಿ" ಎಂದರು ಮೆಲ್ಲಗೆ. "ಮಂದಿಗೆ ಕೀಲೆಣ್ಣಿ ಕ್ಯಾನ್ ಇಡಾಕ ಅಂತ ಹೇಳ್ತೇನಿ. ವೇದಿಕಿ ಮ್ಯಾಲೂ ಕುಂತಾ ಮಾತಾಡ್ತೇನಿ. ಮೊಣಕಾಲು ನೋವು ಅಂತೇನಿ." ಅಷ್ಟು ವರ್ಷ ಒಂದೇ ಊರಿನಲ್ಲಿದ್ದು ನಾವಿಬ್ಬರೂ ಒಬ್ಬರನ್ನೊಬ್ಬರು ಆವತ್ತೇ ಮೊದಲು ಸರಿಯಾಗಿ ನೋಡಿದೆವೆಂದು ನನಗೆ ಅನ್ನಿಸಿತು. ನನಗೆ ಅವರ ಮೇಲೆ ಅಕ್ಕರೆ ಉಕ್ಕಿ, ಇನ್ನೊಂದು ಚಹಾ ಮಾಡಲು ಹೇಳಿದೆ. ಮರುದಿನ ಸೈಕಲ್ಲು ಗೌಡರ ಗಿರಣಿಗೆ ಹೋಯಿತು. ಅಲ್ಲಿಯ ಫಿಟ್ಟರು ಯಂತ್ರದ ಯಾವುದೋ ಗಟ್ಟಿ ಉಕ್ಕಿನ ಕೊಳವೆಯನ್ನು ಅಳತೆಗೆ ಸರಿಯಾಗಿ ಕಡೆದು, ಸೀಟಿಗೆ ಕೂರಿಸಿಕೊಟ್ಟ. "ಇರಲಿ, ಒಂದೀಟು ಹೆಚ್ಚಿಗೀನ ಇರಲಿ, ಆಸೆ ಇಟ್ಕೊಂಡವ್ರಿಗೆ ಕಮ್ಮಿ ಮಾಡಬಾರದು" ಎಂದು ಗೌಡರೇ ಪಕ್ಕದಲ್ಲಿ ನಿಂತು ಹೇಳಿದರಂತೆ.

ಗೌಡರು ಅವಿರೋಧವಾಗಿ ಆರಿಸಿ ಬಂದರು. ನಾನು ಒಂದು ಪೈಪಿಗೆ ಹಿಂದೆ ಸರಿದೆನೆಂದು ಹೇಳಿದರೆ ಯಾರೂ ನಂಬುವುದಿಲ್ಲ. ಗಿರಣಿಯಲ್ಲಿ ನನಗೆ ಪಾಲು ಬಂದಿದೆ ಎಂದು ಒಬ್ಬರು, ರಿಂಗ್ ರಸ್ತೆಯಲ್ಲಿ ಸೈಟು ಬಂದಿದೆ ಎಂದು ಇನ್ನೊಬ್ಬರು. ಊರಿನಲ್ಲಿ ರಿಂಗ್ ರಸ್ತೆಯೇ ಇಲ್ಲ. ಫಕ್ಕೀರಪ್ಪ ಮಾತ್ರ ನಾನು ಗೌಡರಿಗೆ ಮಾರಿಕೊಂಡೆನೆಂದು ಮನಸ್ಸಿಗೆ ಹಚ್ಚಿಕೊಂಡು ಫೋನೆತ್ತುವುದನ್ನು ಬಿಟ್ಟಿದ್ದಾನೆ. ಅದೇನೇ ಇರಲಿ, ನನ್ನ ಮೊಣಕಾಲು ಸುಮ್ಮನಾಗಿವೆ. ದಸರೆಯ ದಿನ ಗಿರಿಜಾಳ ಎದುರು ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಕುಳಿತು ಹೋಳಿಗೆ ಉಂಡು, ಕೈಯೂರದೆ ಎದ್ದೆ. ಅವಳು ಇನ್ನೊಂದು ಹೋಳಿಗೆ ಹಾಕಬೇಕಿತ್ತೇನೋ ಎನ್ನುವ ಹಾಗೆ ನೋಡಿದಳು. ದಿನಾ ಬೆಳಿಗ್ಗೆ ಸೈಕಲ್ಲು ಹತ್ತಿ ಕೆರೆಯ ಏರಿಯ ಮೇಲೆ ಹೋಗುತ್ತೇನೆ. ಕಾಲು ಪೂರ್ತಿ ಚಾಚಿ ಸಾವಕಾಶ ತುಳಿದರೆ ಭತ್ತದ ಗದ್ದೆ, ಮಾವಿನ ತೋಪು, ಮಂದಿಯ ಹಿತ್ತಲ ಗೋಡೆಯಾಚೆಯ ಒಣಹಾಕಿದ ಬಟ್ಟೆ ಎಲ್ಲ ಕಾಣುತ್ತವೆ. ಇಷ್ಟು ಎತ್ತರದಿಂದ ನಾನು ಊರನ್ನು ನೋಡಿರಲೇ ಇಲ್ಲ.

ಒಂದೇ ತೊಂದರೆ ಎಂದರೆ, ಗೌಡರು ಉದಾರವಾಗಿ ಬಿಟ್ಟ ಆ 'ಒಂದೀಟು ಹೆಚ್ಚಿಗೆ'ಯಿಂದಾಗಿ ಸೈಕಲ್ಲು ನಿಲ್ಲಿಸಿದಾಗ ನನ್ನ ಇಷ್ಟುದ್ದದ ಕಾಲೂ ನೆಲಕ್ಕೆ ಎಟುಕುವುದಿಲ್ಲ. ಇಳಿಯಬೇಕಾದರೆ ಒಂದು ಕಟ್ಟೆಯೋ ಕಲ್ಲೋ ಸಿಗುವ ತನಕ ತುಳಿಯುತ್ತಲೇ ಇರಬೇಕು. ಸಿಗದಿದ್ದರೆ ಮನೆಯ ಮುಂದೆಯೇ ಎರಡು ಸುತ್ತು ಹಾಕುತ್ತೇನೆ. "ಒಂದು ನಟ್ಟು ಸಡಲ ಮಾಡಿ ಎರಡ ಬೆರಳ ಕೆಳಗ ಇಳಿಸ್ರಿ, ಎಲ್ಲೆರ ಬಿದ್ದೀರಿ" ಎಂದು ಗಿರಿಜಾ ದಿನಾ ಬಾಗಿಲಲ್ಲಿ ನಿಂತು ಕೂಗುತ್ತಾಳೆ. ಅವಳು ಹೇಳುವುದು ಸರಿ, ನಟ್ಟು ಬಿಚ್ಚುವ ಪಾನಾ ನನ್ನ ಜೇಬಿನಲ್ಲೇ ಇದೆ. ಆದರೂ ಮುಂದಿನ ವಾರ ಇಳಿಸಿದರಾಯಿತು ಎನ್ನುತ್ತ ಇನ್ನೊಂದು ಸುತ್ತು ಹಾಕುತ್ತೇನೆ. ಗೌಡರನ್ನು ಕೇಳಿದರೆ ಅವರೂ ಹಾಗೆಯೇ ಅನ್ನುತ್ತಾರೆ, ಮುಂದಿನ ಸಲ ಸೊಸೈಟಿ ಸೀಟ ಬಿಟ್ಟುಬಿಡ್ತೇನ್ರಿ ಎಂದು.